ಸಿಗಂದೂರು ಸೇತುವೆ ಮೇಲೆ ನಿಮಗ್ಯಾಕೆ ಸಿಟ್ಟು?

ಪ್ರಿಯ ಗೆಳೆಯರೆ,

ನಮ್ಮ ಪತ್ರಿಕೆಗೆ ಅಂತ ನಾಲ್ಕೂ ಜನ ಸೇರಿ ಬರೆದು ಕಳಿಸಿದ ಪ್ರವಾಸದ ಬರಹ ಓದಿದೆ. ಕಾಗೋಡಿಂದ ಹೊರಟು ಸಾಗರ, ಹೊಳೆಬಾಗಿಲು, ತುಮರಿ, ಸಿಗಂದೂರು ಅಂತ ಎರಡು ದಿನದ ತಿರುಗಾಟ, ನಡುನಡುವೆ ರಾಜಕೀಯ, ಪ್ರತಿ ಭಾಗದ ಕೊನೆಗೊಂದು ಕವಿತೆ. ಭಾಷೆ ಚೆನ್ನಾಗಿದೆ, ಕಾಗುಣಿತ ತಪ್ಪಿಲ್ಲ (ಈಗಿನ ಕಾಲಕ್ಕೆ ಇದೂ ದೊಡ್ಡದೇ), ನಿಮ್ಮ ಕಾಳಜಿ ಬಗ್ಗೆ ನನಗೇನೂ ಅನುಮಾನ ಇಲ್ಲ. ಆದ್ರೆ ನಾಲ್ಕನೇ ಪುಟಕ್ಕೆ ಬಂದಾಗ ನನಗೆ ಸಿಟ್ಟು ಬಂತು, ಅದು ಇನ್ನೂ ಇಳಿದಿಲ್ಲ.

ಅಲ್ಲಿ ಹೀಗಿದೆ: "ಅಭಿವೃದ್ಧಿಯೆಂಬ ಉಕ್ಕಿನ ಹೆಬ್ಬಾವು ಹಿನ್ನೀರಿನ ಮೌನವನ್ನು ನುಂಗಿದೆ. ಲಾಂಚಿನ ಆ ನಿಧಾನ, ಆ ಕಾಯುವಿಕೆಯ ಸುಖ ಇನ್ನು ನೆನಪು ಮಾತ್ರ."

ಶರಾವತಿ ಹಿನ್ನೀರು ದಾಟಿಸ್ತಿದ್ದ ಲಾಂಚಿಗೆ ಕಾಯೋ ಸುಖ ಯಾರಿಗೆ ಮಾರಾಯ್ರೆ? ಬೆಂಗಳೂರಿಂದ ವೀಕೆಂಡಿಗೆ ಬಂದು ಲಾಂಚ್ ಮೇಲೆ ನಿಂತು ಫೋಟೋ ತೆಗೆಸ್ಕೊಂಡು ಹೋಗ್ತಿದ್ದೋರಿಗೆ ಸುಖ. ತುಮರಿ ಕಡೆಯೋರಿಗೆ ಸಂಜೆ ಲಾಂಚ್ ನಿಂತ್ರೆ ದಿನ ಮುಗೀತು ಅಂತ ಅರ್ಥ ಇತ್ತು, ರಾತ್ರಿ ಹೊತ್ತು ಹೆರಿಗೆ ನೋವು ಬಂದ್ರೆ, ಹಾವು ಕಚ್ಚಿದ್ರೆ ಊರೆಲ್ಲ ಸುತ್ತಿ ಬಳಸಿ ಹೋಗ್ಬೇಕಿತ್ತು, ಇಲ್ಲಾ ಬೆಳಗಾಗೋದು ಕಾಯ್ಬೇಕಿತ್ತು. ಬೇಸಿಗೇಲಿ ನೀರು ಇಳಿದ್ರೆ ಲಾಂಚಿಗೆ ವಾಹನ ಹತ್ತಿಸೋದೇ ಬಂದ್ ಆಗ್ತಿತ್ತು. ಲಿಂಗನಮಕ್ಕಿ ಡ್ಯಾಂ ಕಟ್ಟಿದ್ದು 1964ರಲ್ಲಿ, ಸೇತುವೆ ಆಗಿದ್ದು 2025ರ ಜುಲೈನಲ್ಲಿ. ನಡುವಿನ ಅರವತ್ತು ವರ್ಷ ತುಮರಿ ಇರೋ ಕರೂರು ಸೀಮೆಯ ಜನ ನೀರಿನಾಚೆ ಉಳಿದ್ರು, ಆ ಸೇತುವೆಗಾಗಿ ಅರ್ಜಿ ಹಾಕಿದ್ರು, ಪಾದಯಾತ್ರೆ ಮಾಡಿದ್ರು. ಪ್ರಗತಿಪರರು ಅಂತ ಹೇಳ್ಕೊಳ್ಳೋ ನೀವು ಹೋಗಿ ಅದನ್ನ ಹೆಬ್ಬಾವು ಅಂತೀರಿ. ಸೇತುವೆಯಿಂದ ಟೂರಿಸಂ ಗದ್ದಲ ಜಾಸ್ತಿ ಆಗುತ್ತೆ, ಜಮೀನಿಗೆ ರೆಸಾರ್ಟಿನೋರ ಕಣ್ಣು ಬೀಳುತ್ತೆ, ಅದೆಲ್ಲ ಬರೀರಿ, ಖಂಡಿತ ಬರೀರಿ. ಆದ್ರೆ ಮೊದಲು ಅದರ ಮೇಲೆ ಓಡಾಡೋ ಒಬ್ಬರನ್ನಾದ್ರೂ ಮಾತಾಡಿಸಿ.

ಮುಂದಿನ ಸಾಲು. "ಆ ಮುದುಕಿಯ ಸುಕ್ಕುಗಟ್ಟಿದ ಮುಖದಲ್ಲಿ ನಾವು ಶರಾವತಿಯ ಎಲ್ಲ ಮುಳುಗಡೆಯ ನೋವನ್ನು ಕಂಡೆವು." ಅವರ ಹೆಸರೇನು? ಯಾವ ಊರಿಂದ ಎದ್ದು ಬಂದೋರು? ಆಗ ಎಷ್ಟು ವಯಸ್ಸು? ಲಾರೀಲಿ ತಂದು ಕಾಡಲ್ಲಿ ಇಳಿಸಿದ್ರು ಅಂತ ಆ ತಲೆಮಾರಿನ ಬಹಳ ಜನ ಹೇಳ್ತಾರೆ, ಇವರನ್ನೂ ಹಾಗೇ ಇಳಿಸಿದ್ರಾ? ಈಗ ಹಕ್ಕುಪತ್ರ ಇದೆಯಾ? ಅವರ ಮನೇಲಿ ಕಾಫಿ ಕುಡಿದಿದ್ದು ಬರ್ದಿದೀರಿ, ಇದ್ಯಾವುದನ್ನೂ ಕೇಳಿಲ್ಲ. ಮತ್ತೆ ಈ 'ನಾವು ಕಂಡೆವು' ಏನು? ನಾಲ್ಕು ಜನಕ್ಕೂ ಒಂದೇ ಕ್ಷಣದಲ್ಲಿ ಒಂದೇ ನೋವು ಕಾಣಿಸ್ತಾ? ನಿಮ್ಮಲ್ಲಿ ಒಬ್ಬರಿಗಾದ್ರೂ ಆಗ ಹಸಿವಾಗಿರ್ಬೇಕಲ್ಲ, ಬಸ್ಸಿನ ಚಿಂತೆ ಇರ್ಬೇಕಲ್ಲ. ಹನ್ನೊಂದು ಪುಟದಲ್ಲಿ ಒಂದೇ ಒಂದು ಕಡೆ 'ನಾನು' ಇಲ್ಲ, ಹೀಗಾಗಿ ಯಾರು ಏನು ನೋಡಿದ್ರು ಅಂತ ನನಗೆ ಕೊನೆಗೂ ಗೊತ್ತಾಗಲಿಲ್ಲ.

"ವ್ಯವಸ್ಥೆ ಅವರ ನೆಲವನ್ನು ಕಿತ್ತುಕೊಂಡು ಕೈಚೆಲ್ಲಿತು." ಯಾವ ವ್ಯವಸ್ಥೆ? ಡ್ಯಾಂ ಕಟ್ಟಿದ ಸರ್ಕಾರವಾ, ಜನರನ್ನ ತಂದು ಕೂರಿಸಿದ ಜಾಗ ದಾಖಲೇಲಿ ಕಾಡಾಗೇ ಉಳಿಯೋ ಹಾಗೆ ಬಿಟ್ಟ ಆಫೀಸಾ, 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ್ಮೇಲೆ ಕೇಂದ್ರದ ಅನುಮತಿ ಬೇಕು ಅಂತ ಗೊತ್ತಿದ್ದೂ ಹಾಗೇ ಆ ಜಾಗ ಡಿನೋಟಿಫೈ ಮಾಡಿ, ಅಂದ್ರೆ ಕಾಡಿನ ಪಟ್ಟಿಯಿಂದ ಕೈಬಿಟ್ಟು, ಚಪ್ಪಾಳೆ ತಗೊಂಡೋರಾ? ಆ ಡಿನೋಟಿಫಿಕೇಶನ್ನುಗಳು 2021ರಲ್ಲಿ ಹೈಕೋರ್ಟಲ್ಲಿ ಬಿದ್ದುಹೋದ್ವು. ಬಿದ್ದಾಗ ಬೀದೀಲಿ ನಿಂತೋರು ಮತ್ತೆ ಅದೇ ಜನ. ಇದರಲ್ಲಿ ಬೇರೆ ಬೇರೆ ಪಕ್ಷದೋರ ಸಹಿ ಇದೆ, ನಿಮಗೆ ಬೇಕಾದೋರ ಸಹಿನೂ ಇರಬಹುದು. 'ವ್ಯವಸ್ಥೆ' ಅಂತ ಬರೆದ್ರೆ ಯಾರಿಗೂ ನೋವಾಗಲ್ಲ, ಯಾವ ಎಮ್ಮೆಲ್ಲೆನೂ ಫೋನ್ ಮಾಡಿ ಬೈಯಲ್ಲ.

ನಾನು ಕೆಲಸ ಕಲ್ತಿದ್ದು ಒಂದು ಸಣ್ಣ ಜಿಲ್ಲಾ ಪೇಪರಲ್ಲಿ. ಅಲ್ಲಿನ ಹಿರಿಯ ಉಪಸಂಪಾದಕರು ಕೆಂಪು ಪೆನ್ ಹಿಡೀತಿರಲಿಲ್ಲ, ಕಾಪಿ ತಗೊಂಡು ಎಲ್ಲರ ಮುಂದೆ ಗಟ್ಟಿಯಾಗಿ ಓದೋರು, ಓದ್ತಾ ಓದ್ತಾ "ಯಾರು?" ಅನ್ನೋರು, ಅಷ್ಟೇ. ನನ್ನ ಜೊತೆಗಿದ್ದ ಒಬ್ಬ ಹುಡುಗ ಅಡಿಕೆ ಕೊಳೆರೋಗದ ಸುದ್ದೀಲಿ "ರೈತರು ಕಂಗಾಲಾಗಿದ್ದಾರೆ" ಅಂತ ಬರ್ದಿದ್ದ. ಯಾರು ಅಂದ್ರು. ಎಲ್ರೂ ಸಾರ್ ಅಂದ. ಎಲ್ರೂ ಅಂದ್ರೆ ಒಬ್ಬರ ಹೆಸರಾದ್ರೂ ಗೊತ್ತಿರ್ಬೇಕಲ್ಲ ಅಂತ ಹೊಸನಗರದ ಬಸ್ಸಿಗೆ ದುಡ್ಡು ಕೊಟ್ಟು ವಾಪಸ್ ಕಳಿಸಿದ್ರು, ಹೊರಗೆ ಧಾರಾಕಾರ ಮಳೆ. ಮಾರನೇ ದಿನ ಅವನು ತಂದ ಕಾಪೀಲಿ ಒಬ್ಬ ರೈತ, ಅವನ ತೋಟ, ಬೋರ್ಡೋ ದ್ರಾವಣ ಹೊಡೆಯೋಕೆ ಮಳೆ ಬಿಡುವೇ ಕೊಟ್ಟಿಲ್ಲ, ಮರ ಹತ್ತೋ ಕೊನೆಗೌಡ ಸಿಕ್ತಿಲ್ಲ, ಇಷ್ಟೇ ಇತ್ತು. ಕಂಗಾಲು ಅನ್ನೋದು ಎಲ್ಲೂ ಇರಲಿಲ್ಲ. ನಮಗೆಲ್ಲ ಆಗ ಆ ಉಪಸಂಪಾದಕರ ಮೇಲೆ ಉರಿ, ಟೀ ಅಂಗಡೀಲಿ ಅವರನ್ನ ಅಣಕಿಸ್ತಿದ್ವಿ. ಈಗ ನಿಮ್ಮ ಕಾಪಿ ಓದುವಾಗ ನನ್ನ ಬಾಯಿಂದ ಅದೇ ಪ್ರಶ್ನೆ ಬರ್ತಿತ್ತು, ಮನೆಯೋರು ಯಾರ ಜೊತೆ ಮಾತಾಡ್ತಿದೀರಿ ಅಂತ ಕೇಳಿದ್ರು.

ಕಾಗೋಡಿಂದೂ ಅದೇ ಕಥೆ. "ಲೋಹಿಯಾ ಬಂದ ಮಣ್ಣಿನಲ್ಲಿ ನಾವು ಮೌನವಾಗಿ ನಿಂತೆವು." ಸಮಾಜವಾದಿ ನಾಯಕ ಲೋಹಿಯಾ ಬಂದ್ರು, ಸಾಗರದಲ್ಲಿ ಅರೆಸ್ಟ್ ಆದ್ರು, ಸರಿ. 1951ರ ಕಾಗೋಡು ಸತ್ಯಾಗ್ರಹದಲ್ಲಿ ಗೇಣಿದಾರರು ಗದ್ದೆಗೆ ಇಳಿದಿದ್ದು ಯಾತಕ್ಕೆ? ಗೇಣಿ ಭತ್ತ ಅಳೆಯೋ ಕೊಳಗದ ಲೆಕ್ಕಕ್ಕೆ. ನಿಮ್ಮ ಬರಹದಲ್ಲಿ ಕೊಳಗ ಇಲ್ಲ, ಗೇಣಿ ಮಾಡ್ತಿದ್ದ ದೀವರು ಇಲ್ಲ, ರೈತರ ಸಂಘ ಕಟ್ಟಿದ ಗಣಪತಿಯಪ್ಪನವರ ಹೆಸರೂ ಇಲ್ಲ. ಹೊರಗಿಂದ ಬಂದ ಒಬ್ಬ ನಾಯಕರು ಮಾತ್ರ ಇದಾರೆ, ಆಮೇಲೆ ನಿಮ್ಮ ಮೌನ. ಹೋರಾಟದ ಊರಿಗೆ ಹೋಗಿ ಹೋರಾಡಿದೋರನ್ನೇ ಬಿಟ್ಟು ಬಂದ್ರೆ ಹೇಗೆ?

ಉಳಿದ ಕವಿತೆಗಳ ಬಗ್ಗೆ ಈಗ ಬೇಡ. ಪ್ರವಾಸದ ಭಾಗವನ್ನ ಒಬ್ಬರೇ ಬರೀರಿ, ಯಾರು ಅಂತ ನೀವೇ ಜಗಳ ಆಡ್ಕೊಳ್ಳಿ. ತುಮರಿಯ ಆ ಅಜ್ಜಿ ಮನೆಗೆ ಇನ್ನೊಮ್ಮೆ ಹೋಗಿ, ಈ ಸಲ ಸೇತುವೆ ಮೇಲೇ ಹೋಗ್ಬಹುದು, ಲಾಂಚಿಗೆ ಕಾಯೋ ಸುಖ ತಪ್ಪುತ್ತೆ ಅಷ್ಟೇ. ಸಾವಿರದೈನೂರು ಪದ ದಾಟಬೇಡಿ. ಸಾಗರ ಬಸ್ ಸ್ಟ್ಯಾಂಡಿನ ಕವಿತೆ ಮಾತ್ರ ನನ್ನತ್ರ ಇಟ್ಕೊಂಡಿದೀನಿ, ಮುಂದಿನ ಸಂಚಿಕೇಲಿ ಹಾಕ್ತೀನಿ, ಕ್ರಾಂತಿ ಬರೋ ಕೊನೇ ನಾಲ್ಕು ಸಾಲು ತೆಗೀತೀನಿ. ಬೇಡ ಅನ್ನೋದಾದ್ರೆ ಈ ವಾರದೊಳಗೆ ಹೇಳಿ.