ಗೇಜ್‌ನಲ್ಲಿ ಒತ್ತಡವಿದೆ, ಶವರ್‌ನಲ್ಲಿ ನೀರಿಲ್ಲ
ಓದುಗರ ಪ್ರಶ್ನೋತ್ತರ: ಮೋಟಾರ್‌ಹೋಮ್‌ನ ನೀರು ಮತ್ತು ವಿದ್ಯುತ್ ಸಂಪರ್ಕ

ಪ್ರಶ್ನೆ: ಕ್ಯಾಂಪ್ ತಾಣದ ನಲ್ಲಿಗೆ ಮೋಟಾರ್‌ಹೋಮ್ (ಒಳಗೇ ವಾಸಿಸಬಹುದಾದ ವಾಹನ) ಜೋಡಿಸಿದರೆ ಶವರ್‌ನಲ್ಲಿ ನೀರು ಸಣ್ಣಗೆ ಬರುತ್ತದೆ. ನೀರಿನ ಒತ್ತಡ ತಗ್ಗಿಸುವ ಪ್ರೆಶರ್ ರೆಗ್ಯುಲೇಟರ್‌ನ ಗೇಜ್ ಮಾತ್ರ 45 ಪಿಎಸ್‌ಐ (ಒತ್ತಡದ ಅಳತೆ) ತೋರಿಸುತ್ತದೆ. ರೆಗ್ಯುಲೇಟರನ್ನೇ ತೆಗೆದುಬಿಡಬಹುದೇ?

ಉತ್ತರ: ಬೇಡ. ತಾಣದ ನೀರಿನ ಒತ್ತಡ ದಿನವಿಡೀ ಒಂದೇ ಸಮ ಇರುವುದಿಲ್ಲ. ಸಂಜೆ ಎಲ್ಲರೂ ಸ್ನಾನಕ್ಕೆ ಇಳಿದಾಗ 40 ಇದ್ದದ್ದು, ನಲ್ಲಿಗಳೆಲ್ಲ ಮುಚ್ಚಿದ ನಡುರಾತ್ರಿ 90, 100 ದಾಟಬಹುದು. ಒಳಗಿನ ಪೆಕ್ಸ್ (ಗಟ್ಟಿ ಪ್ಲಾಸ್ಟಿಕ್) ಪೈಪು ಅಷ್ಟನ್ನು ತಡೆದುಕೊಂಡೀತು. ಸೋಲುವುದು ಪ್ಲಾಸ್ಟಿಕ್ ಫಿಟ್ಟಿಂಗ್, ಟಾಯ್ಲೆಟ್‌ನ ವಾಲ್ವ್, ಫಿಲ್ಟರಿನ ಹೊರಕವಚ. ಅದೂ ನೀವು ಮಲಗಿರುವಾಗ ಅಥವಾ ಹೊರಗೆ ಹೋಗಿರುವಾಗ.

ನಿಮ್ಮ ಗೇಜ್ ಸುಳ್ಳು ಹೇಳುತ್ತಿಲ್ಲ, ನೀವು ನೋಡಿದ ಹೊತ್ತು ಸರಿಯಿಲ್ಲ ಅಷ್ಟೆ. ಎಲ್ಲ ನಲ್ಲಿ ಮುಚ್ಚಿದಾಗ, ದಾರಿಯಲ್ಲಿ ಎಷ್ಟೇ ಕಸ ಕಟ್ಟಿಕೊಂಡಿದ್ದರೂ ಒತ್ತಡ ನಿಧಾನವಾಗಿ ಏರಿ 45ಕ್ಕೆ ಬಂದು ನಿಲ್ಲುತ್ತದೆ. ಶವರ್ ಪೂರ್ತಿ ತಿರುಗಿಸಿ, ಆಗ ಮುಳ್ಳು ಎಲ್ಲಿಗೆ ಇಳಿಯುತ್ತದೆ ನೋಡಿ. ಸ್ವಲ್ಪವೇ ಇಳಿದರೆ ಅಡಚಣೆ ಗೇಜ್‌ನಿಂದ ಮುಂದೆ, ಅಂದರೆ ವಾಹನದ ಕಡೆ ಇದೆ. 20ರ ಆಸುಪಾಸಿಗೆ ಬಿದ್ದರೆ ರೆಗ್ಯುಲೇಟರಿನಲ್ಲಿ ಅಥವಾ ತಾಣದ ನಲ್ಲಿಯಲ್ಲೇ ಇದೆ.

ಇನ್ನೂ ಖಚಿತವಾಗಿ ತಿಳಿಯಲು 10 ಲೀಟರಿನ ಬಕೆಟ್ ಸಾಕು. ಬರೀ ನಲ್ಲಿಯಿಂದ ತುಂಬಲು ಎಷ್ಟು ಸೆಕೆಂಡ್ ಬೇಕು ಎಂದು ಮೊದಲು ಬರೆದುಕೊಳ್ಳಿ. ರೆಗ್ಯುಲೇಟರ್ ಸೇರಿಸಿ ಮತ್ತೊಮ್ಮೆ, ಫಿಲ್ಟರ್ ಸೇರಿಸಿ ಮತ್ತೊಮ್ಮೆ, ಹೋಸ್ ಪೈಪಿನ ತುದಿಯಲ್ಲಿ ಕೊನೆಯದು. ಸಮಯ ಎಲ್ಲಿ ಒಮ್ಮೆಲೇ ಜಿಗಿಯಿತೋ ಅಲ್ಲೇ ಕಳ್ಳ ಸಿಕ್ಕ. ಪೈಪಿನ ತುದಿಯಲ್ಲಿ ಒಂದು ನಿಮಿಷದೊಳಗೆ ಬಕೆಟ್ ತುಂಬಿದರೆ ಹೊರಗಿನ ಜೋಡಣೆಗೆ ದೋಷವಿಲ್ಲ, ಒಳಗೆ ಹುಡುಕಿ.

ಹೊರಗೆ ಹೆಚ್ಚಾಗಿ ಸಿಕ್ಕಿಬೀಳುವುದು ಬೆರಳುದ್ದದ ಹಿತ್ತಾಳೆಯ ರೆಗ್ಯುಲೇಟರ್. ಅದು ಒತ್ತಡವನ್ನು ಇಳಿಸುತ್ತದೆ ನಿಜ, ಆದರೆ ನೀರು ಹಾಯುವ ರಂಧ್ರ ಕಿರಿದಾದ್ದರಿಂದ ಹರಿವನ್ನೂ ಕತ್ತು ಹಿಸುಕುತ್ತದೆ. ಸ್ಕ್ರೂ ತಿರುಗಿಸಿ ಹೊಂದಿಸುವಂಥ, ದಪ್ಪ ದೇಹದ, ಗೇಜ್ ಇರುವ ರೆಗ್ಯುಲೇಟರ್ ಹಾಕಿಸಿ. ಇಡೀ ಜೋಡಣೆಯಲ್ಲಿ ಒಂದೇ ಒಂದು ವಸ್ತು ಬದಲಿಸುವುದಿದ್ದರೆ ಇದನ್ನೇ ಬದಲಿಸಿ. 45ರಿಂದ 50 ಪಿಎಸ್‌ಐ ಸಾಕು. ಹೊಂದಿಸುವಾಗ ಒತ್ತಡ ಇಳಿಸಬೇಕೆಂದು ಸ್ಕ್ರೂ ತಿರುಗಿಸಿದರೂ ಮುಳ್ಳು ಅಲುಗಾಡದೆ ನಿಂತೀತು. ಅದು ಪೈಪಿನೊಳಗೆ ಸಿಕ್ಕಿಕೊಂಡ ಹಳೆಯ ಒತ್ತಡ. ಒಳಗಿನ ನಲ್ಲಿಯೊಂದನ್ನು ಕ್ಷಣಕಾಲ ತೆರೆದು ಮುಚ್ಚಿದರೆ ಸರಿಯಾದ ಅಂಕಿ ಕಾಣುತ್ತದೆ.

ರೆಗ್ಯುಲೇಟರಿನ ಜಾಗ ತಾಣದ ನಲ್ಲಿಯ ಬಾಯಲ್ಲಿ, ವಾಹನದ ಗೋಡೆಯಲ್ಲಲ್ಲ. ಗೋಡೆಯಲ್ಲಿ ಹಾಕಿದರೆ ಹೋಸ್ ಪೈಪೂ ಫಿಲ್ಟರೂ ಪೂರ್ತಿ ಒತ್ತಡಕ್ಕೆ ಸಿಕ್ಕಿ ಒಂದು ದಿನ ಸಿಡಿಯುತ್ತವೆ. ಕ್ರಮ ಹೀಗಿರಲಿ: ನಲ್ಲಿ, ರೆಗ್ಯುಲೇಟರ್, ಫಿಲ್ಟರ್, ಕುಡಿಯುವ ನೀರಿಗೆಂದೇ ತಯಾರಾದ ಹೋಸ್, ವಾಹನದ ಇನ್‌ಲೆಟ್ (ನೀರು ಒಳಹೋಗುವ ಬಾಯಿ). ಹೋಸಿನ ಒಳವ್ಯಾಸ ಅರ್ಧ ಇಂಚಿನ ಬದಲು 5/8 ಇಂಚು ಇದ್ದರೆ ಉದ್ದ ಹೆಚ್ಚಾದಂತೆ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ಫಿಲ್ಟರ್ 0.5 ಮೈಕ್ರಾನಿನದಾದರೆ ಅದಕ್ಕಿಂತ ಮೊದಲು, ನಲ್ಲಿಯ ಕಡೆ, 5 ಮೈಕ್ರಾನಿನ ಕೆಸರು ಫಿಲ್ಟರ್ ಇರಲೇಬೇಕು. ಇಲ್ಲದಿದ್ದರೆ ಕೆಸರು ಇರುವ ನೀರಿಗೆ ಸಣ್ಣ ರಂಧ್ರದ್ದು ಬಲುಬೇಗ ಕಟ್ಟಿಕೊಳ್ಳುತ್ತದೆ.

ಹೋಸ್ ಜೋಡಣೆಯಲ್ಲಿ ಸೋರಿದರೆ ಟೆಫ್ಲಾನ್ ಟೇಪ್ ಸುತ್ತಬೇಡಿ. ಅಲ್ಲಿ ನೀರು ತಡೆಯುವುದು ಥ್ರೆಡ್ ಅಲ್ಲ, ಒಳಗಿನ ರಬ್ಬರ್ ವಾಷರ್. ವಾಷರ್ ಬದಲಿಸಿ, ಕೈಯಲ್ಲಿ ಬಿಗಿಮಾಡಿ, ಮೇಲೆ ಕಾಲು ಸುತ್ತು ಸಾಕು. ಸುತ್ತಿದ ಟೇಪಿನ ಚೂರುಗಳು ಎಲ್ಲಿಗೆ ಹೋಗುತ್ತವೆ ಎಂಬುದನ್ನು ಇನ್‌ಲೆಟ್ ಬಿಚ್ಚಿದವರೇ ನೋಡಿರುತ್ತಾರೆ: ಒಳಗಿನ ಬಿಲ್ಲೆಯಗಲದ ಜಾಲರಿಯ ಮೇಲೆ ಮರಳಿನ ಕಣ, ತುಕ್ಕಿನ ಚಕ್ಕೆ, ಅವುಗಳ ನಡುವೆ ಬಿಳಿ ಎಳೆಗಳು.

ಒಳಗಿನ ಅಡಚಣೆಗೆ ಮೊದಲ ಸಂಶಯ ಈ ಜಾಲರಿಯ ಮೇಲೇ. ತಾಣದ ನಲ್ಲಿ ಮುಚ್ಚಿ, ಟ್ಯಾಂಕಿನ ನೀರೆತ್ತುವ ಪಂಪ್ ಆಫ್ ಮಾಡಿ, ಒಳಗಿನ ನಲ್ಲಿ ತೆರೆದು ಒತ್ತಡ ಪೂರ್ತಿ ಇಳಿಸಿದ ಮೇಲೆಯೇ ಅದನ್ನು ಕೀಳಿ. ಅದರ ಹಿಂದೆ ನೀರು ವಾಪಸು ಬರದಂತೆ ತಡೆಯುವ ಸ್ಪ್ರಿಂಗ್ ವಾಲ್ವ್ ಇರುತ್ತದೆ. ಒಳಗೆ ಒತ್ತಡವಿರುವಾಗ ಅದನ್ನು ಬೆರಳಿನಿಂದ ಒತ್ತಿದರೆ ಸಣ್ಣ ರಬ್ಬರ್ ಉಂಗುರ ಚಿಮ್ಮಿ ಹೊರಬರುತ್ತದೆ, ಆಮೇಲೆ ಇನ್‌ಲೆಟ್ಟೇ ಸೋರತೊಡಗುತ್ತದೆ. ಜಾಲರಿ ಶುದ್ಧವಾಗಿದ್ದರೆ ನಲ್ಲಿಗಳ ಮೂತಿಯ ಜಾಲರಿ, ಶವರ್‌ನ ಹರಿವು ತಗ್ಗಿಸುವ ಬಿಲ್ಲೆ ಬಿಚ್ಚಿ ತೊಳೆಯಿರಿ.

ಪ್ರಶ್ನೆ: ಹೊರಗಿನ ನಲ್ಲಿಗೆ ಜೋಡಿಸಿದಾಗ ನಮ್ಮ ಶುದ್ಧನೀರಿನ ಟ್ಯಾಂಕ್ ತಾನಾಗಿಯೇ ತುಂಬಿ ಉಕ್ಕುತ್ತದೆ. ಏಕೆ?

ಉತ್ತರ: ಪಂಪಿನೊಳಗಿನ ನಾನ್‌ರಿಟರ್ನ್ ವಾಲ್ವ್ ಸರಿಯಾಗಿ ಮುಚ್ಚುತ್ತಿಲ್ಲ, ಹೊರಗಿನ ನೀರು ಪಂಪಿನ ಮೂಲಕ ಹಿಮ್ಮುಖವಾಗಿ ಟ್ಯಾಂಕಿಗೆ ಇಳಿಯುತ್ತಿದೆ. ಟ್ಯಾಂಕ್ ತುಂಬಲು ಪ್ರತ್ಯೇಕ ತಿರುಗು ವಾಲ್ವ್ ಇದ್ದರೆ ಮೊದಲು ಅದು ಪೂರ್ತಿ ಮುಚ್ಚಿದೆಯೇ ನೋಡಿ. ಬಳಿಕ ಹೊರಗಿನ ನೀರು ನಿಲ್ಲಿಸಿ, ಎರಡು ನಲ್ಲಿ ತೆರೆದಿಟ್ಟು ಪಂಪನ್ನು ಒಂದೆರಡು ನಿಮಿಷ ಓಡಿಸಿ. ವಾಲ್ವಿನ ಅಂಚಿಗೆ ಸಿಕ್ಕಿದ ಕಸ ಎಷ್ಟೋ ಸಲ ಅಷ್ಟಕ್ಕೇ ಹೋಗುತ್ತದೆ. ಹೋಗದಿದ್ದರೆ ಪಂಪು ಬದಲಿಸಬೇಕಿಲ್ಲ. ಅದರ ಹೊರಹರಿವಿನ ಪೈಪಿಗೆ ಬೇರೆಯೊಂದು ನಾನ್‌ರಿಟರ್ನ್ ವಾಲ್ವ್ ಸೇರಿಸಿ. ಬಾಣದ ಗುರುತು ನಲ್ಲಿಗಳ ಕಡೆ ಇರಲಿ.

ಪ್ರಶ್ನೆ: ರಾತ್ರಿ ಎಲ್ಲ ನಲ್ಲಿ ಮುಚ್ಚಿದ್ದರೂ ಪಂಪ್ ಆಗಾಗ ಎರಡು ಸೆಕೆಂಡ್ ಓಡಿ ನಿಲ್ಲುತ್ತದೆ. ಅಕ್ಯುಮ್ಯುಲೇಟರ್ (ಗಾಳಿಯ ಬಲದಿಂದ ಒತ್ತಡ ಹಿಡಿದಿಡುವ ಪುಟ್ಟ ಟ್ಯಾಂಕ್) ಹಾಕಿದರೆ ನಿಲ್ಲುತ್ತದೆಯೇ?

ಉತ್ತರ: ಸದ್ದು ಅಪರೂಪವಾಗುತ್ತದೆ, ಕಾಯಿಲೆ ಹಾಗೆಯೇ ಉಳಿಯುತ್ತದೆ. 12 ವೋಲ್ಟ್‌ನ ಡಯಾಫ್ರಾಮ್ ಪಂಪು ಸಾಮಾನ್ಯವಾಗಿ 55 ಪಿಎಸ್‌ಐಗೆ ನಿಂತು, 40ರ ಸುಮಾರಿಗೆ ಇಳಿದಾಗ ಮತ್ತೆ ಏಳುತ್ತದೆ. ಯಾರೂ ನೀರು ಬಳಸದೆ ಅದು ಎದ್ದಿತೆಂದರೆ ಎಲ್ಲೋ ನೀರು ಹೋಗುತ್ತಿದೆ ಎಂದೇ ಅರ್ಥ. ಟಾಯ್ಲೆಟ್ ಬಟ್ಟಲಿನಲ್ಲಿ ತೆಳ್ಳನೆ ಧಾರೆ, ಹೊರಗಿನ ಶವರ್‌ನ ನಲ್ಲಿ, ಗೀಸರ್‌ನ ಡ್ರೇನ್, ಇನ್‌ಲೆಟ್‌ನ ತುದಿ ಮೊದಲು ನೋಡಿ. ಪ್ರತಿ ಜೋಡಣೆಯ ಕೆಳಗೆ ಒಣ ಟಿಶ್ಯೂ ಕಾಗದ ಇಟ್ಟು ಒಂದು ಗಂಟೆ ಬಿಟ್ಟರೆ ಕಣ್ಣಿಗೆ ಕಾಣದ ಹನಿಯೂ ಗುರುತು ಬಿಡುತ್ತದೆ. ಎಲ್ಲವೂ ಒಣಗಿಯೇ ಇದ್ದರೆ ಮೇಲಿನ ಉತ್ತರದ ನಾನ್‌ರಿಟರ್ನ್ ವಾಲ್ವೇ ಕಾರಣ: ನೀರು ಟ್ಯಾಂಕಿಗೆ ಮರಳುತ್ತಿದೆ.

ನಲ್ಲಿ ಸ್ವಲ್ಪವೇ ತೆರೆದಾಗ ಪಂಪು ಟಕಟಕ ಎಂದು ಹೊತ್ತಿ ಆರುವುದು ಬೇರೆ ತೊಂದರೆ. ಅದಕ್ಕೆ ಅಕ್ಯುಮ್ಯುಲೇಟರ್ ಒಳ್ಳೆಯ ಮದ್ದು. ಅದರ ಗಾಳಿಯನ್ನು, ಪೈಪುಗಳಲ್ಲಿ ನೀರಿನ ಒತ್ತಡ ಸೊನ್ನೆ ಇರುವಾಗ, ಪಂಪು ಏಳುವ ಒತ್ತಡಕ್ಕಿಂತ ತುಸು ಕಡಿಮೆಗೆ ತುಂಬಿ. 40ಕ್ಕೆ ಏಳುವ ಪಂಪಾದರೆ 35ರಷ್ಟು. ಇದನ್ನು ಮಾಡದೆ ಬಿಟ್ಟವರೇ ಅಕ್ಯುಮ್ಯುಲೇಟರ್ ದಂಡ ಎನ್ನುವುದು.

ಪ್ರಶ್ನೆ: ಟ್ಯಾಂಕಿನ ನೀರು ವಾಸನೆ ಬರುತ್ತಿದೆ. ಬ್ಲೀಚ್ ಎಷ್ಟು ಹಾಕಬೇಕು?

ಉತ್ತರ: ಶೇ. 5ರ ಸುವಾಸನೆಯಿಲ್ಲದ ಬ್ಲೀಚ್ ದ್ರಾವಣವಾದರೆ ಲೀಟರಿಗೆ 1 ಮಿಲಿಲೀಟರ್. ನೂರು ಲೀಟರಿನ ಟ್ಯಾಂಕಿಗೆ 100 ಮಿಲಿಲೀಟರ್, ಗೀಸರ್‌ನ ನೀರನ್ನೂ ಲೆಕ್ಕಕ್ಕೆ ಸೇರಿಸಿ. ಫಿಲ್ಟರ್ ಕಾರ್ಟ್ರಿಜ್ ಹೊರತೆಗೆಯಿರಿ. ಬ್ಲೀಚನ್ನು ಒಂದು ಬಕೆಟ್ ನೀರಿನಲ್ಲಿ ಬೆರೆಸಿ ಟ್ಯಾಂಕಿಗೆ ಸುರಿದು, ಮೇಲೆ ನೀರು ತುಂಬಿ. ಪಂಪ್ ಹಾಕಿ ಪ್ರತಿ ನಲ್ಲಿಯನ್ನೂ, ಬಿಸಿ ಮತ್ತು ತಣ್ಣೀರು ಎರಡೂ, ಬ್ಲೀಚ್ ವಾಸನೆ ಬರುವ ತನಕ ತೆರೆದು ಮುಚ್ಚಿ. 12 ಗಂಟೆ ಬಿಟ್ಟು ಖಾಲಿ ಮಾಡಿ, ವಾಸನೆ ಹೋಗುವವರೆಗೆ ತೊಳೆಯಿರಿ. ಬಿಸಿ ನೀರಿನಲ್ಲಿ ಮಾತ್ರ ಕೊಳೆತ ಮೊಟ್ಟೆಯ ವಾಸನೆ ಇದ್ದರೆ ಟ್ಯಾಂಕನ್ನಲ್ಲ, ಗೀಸರನ್ನು ನೋಡಿ. ತಣ್ಣಗಾದ ಮೇಲೆ ಒತ್ತಡ ಇಳಿಸಿ, ಅದನ್ನು ಖಾಲಿ ಮಾಡಿ, ತಳದ ಕೆಸರು ತೊಳೆದು, ಆನೋಡ್ ಕಂಬಿ (ತಾನು ಸವೆದು ಗೀಸರನ್ನು ತುಕ್ಕಿನಿಂದ ಕಾಯುವ ಲೋಹದ ಕಡ್ಡಿ) ಇರುವ ಮಾದರಿಯಾದರೆ ಅದು ಸವೆದಿದೆಯೇ ಪರೀಕ್ಷಿಸಿ. ಮತ್ತೆ ನೀರು ತುಂಬಿ, ಬಿಸಿನೀರಿನ ನಲ್ಲಿಯಲ್ಲಿ ಗಾಳಿಯಿಲ್ಲದೆ ಧಾರೆ ಬಂದ ಮೇಲೆಯೇ ವಿದ್ಯುತ್ ಸ್ವಿಚ್ ಹಾಕಿ. ಒಣ ಗೀಸರ್‌ನ ಎಲಿಮೆಂಟ್ ಸುಟ್ಟುಹೋಗಲು ಹೆಚ್ಚು ಹೊತ್ತು ಬೇಡ.

ಪ್ರಶ್ನೆ: ವಿದ್ಯುತ್ ಕೇಬಲ್‌ನ ಪ್ಲಗ್ ಬಿಸಿಯಾಗಿ ಒಂದು ಕಾಲು ಕಪ್ಪಾಗಿದೆ. ಮರಳುಕಾಗದದಲ್ಲಿ ಉಜ್ಜಿದರೆ ಸಾಕೇ?

ಉತ್ತರ: ಸಾಲದು. ಕಪ್ಪಾದ ಕಾಲಿನ ಮೇಲ್ಮೈ ಕೆಟ್ಟಿರುತ್ತದೆ, ಸಾಕೆಟ್ಟಿನ ಸ್ಪ್ರಿಂಗ್ ಹಿಡಿತವೂ ಕೆಟ್ಟಿರಬಹುದು. ಹಿಡಿತ ಸಡಿಲವಾದಲ್ಲಿ ವಿದ್ಯುತ್ ಪ್ರತಿರೋಧ ಹೆಚ್ಚುತ್ತದೆ, ಅಲ್ಲೇ ಶಾಖ. ಕೆಟ್ಟ ಪ್ಲಗ್ ಮುಂದಿನ ಸಾಕೆಟ್ಟನ್ನೂ ಕೆಡಿಸುತ್ತದೆ. ಪ್ಲಗ್ ಬದಲಿಸಿ. ತಾಣದ ವಿದ್ಯುತ್ ಕಂಬದ ಸಾಕೆಟ್ಟಿನಲ್ಲಿ ಪ್ಲಗ್ ಸಡಿಲವಾಗಿ ಅಲ್ಲಾಡಿದರೆ ಬೇರೆ ಜಾಗ ಕೇಳಿ.

ಹೊರೆಯನ್ನೂ ಲೆಕ್ಕ ಹಾಕಿ. ಉತ್ತರ ಅಮೆರಿಕದ 30 ಆಂಪಿಯರ್, 120 ವೋಲ್ಟ್ ಸಂಪರ್ಕಕ್ಕೆ 3,600 ವ್ಯಾಟ್. ಯುರೋಪಿನ 16 ಆಂಪಿಯರ್, 230 ವೋಲ್ಟ್‌ನ ನೀಲಿ ಪ್ಲಗ್ಗಿಗೆ 3,680 ವ್ಯಾಟ್. ಗಂಟೆಗಟ್ಟಲೆ ಓಡುವ ಹೊರೆ ಇದರ ಶೇ. 80 ಮೀರದಿರಲಿ. ಏಸಿ, ಗೀಸರ್, ಕೆಟಲ್ ಮೂರೂ ಒಟ್ಟಿಗೆ ಬೇಡ. ಕೇಬಲ್ ಡ್ರಮ್ಮಿನಲ್ಲಿ ಸುತ್ತಿದ್ದರೆ ಪೂರ್ತಿ ಬಿಚ್ಚಿ ಹಾಸಿ. ಸುತ್ತಿದ ಕೇಬಲಿನ ಶಾಖಕ್ಕೆ ಹೊರಹೋಗಲು ದಾರಿಯಿಲ್ಲದೆ ಕವಚವೇ ಕರಗುತ್ತದೆ.

ಸರ್ಜ್ ಪ್ರೊಟೆಕ್ಟರ್ ಒಂದಿದ್ದರೆ ಎಲ್ಲದಕ್ಕೂ ರಕ್ಷಣೆ ಎಂದು ಹಲವರು ನಂಬಿದ್ದಾರೆ. ಅದು ತಡೆಯುವುದು ಕ್ಷಣಿಕ ಏರಿಕೆಯನ್ನು ಮಾತ್ರ. ಏಸಿಯ ಕಂಪ್ರೆಸರ್ ಕೊಲ್ಲುವ ಕಡಿಮೆ ವೋಲ್ಟೇಜ್, ಕಡಿದ ನ್ಯೂಟ್ರಲ್, ಇಲ್ಲದ ಅರ್ಥಿಂಗ್ ಇವನ್ನು ಗುರುತಿಸಿ ಸಂಪರ್ಕ ತಪ್ಪಿಸುವುದು ಇಎಂಎಸ್ ಎಂದು ಮಾರುವ ಸಾಧನ. ಇದನ್ನೂ ಕೇಬಲಿನ ಕಂಬದ ಕಡೆಯ ತುದಿಯಲ್ಲೇ ಹಾಕಿದರೆ ಕೇಬಲ್‌ಗೂ ಕಾವಲು ಸಿಕ್ಕಂತೆ. ಕಂಬದ ಬ್ರೇಕರ್ ಆಫ್ ಮಾಡಿ, ಪ್ಲಗ್ ಚುಚ್ಚಿ, ಬ್ರೇಕರ್ ಆನ್ ಮಾಡಿ. ತೆಗೆಯುವಾಗಲೂ ಮೊದಲು ಬ್ರೇಕರ್. ಏಸಿ ಓಡುತ್ತಿರುವಾಗ ವೋಲ್ಟೇಜ್ ನೋಡಿ. 120ರ ವ್ಯವಸ್ಥೆಯಲ್ಲಿ 105ಕ್ಕೆ, 230ರದ್ದರಲ್ಲಿ 207ಕ್ಕೆ ಇಳಿದರೆ ಏಸಿ ನಿಲ್ಲಿಸಿ. ಬಾಗಿಲ ಹಿಡಿ ಮುಟ್ಟಿದಾಗ ಜುಮ್ಮೆಂದರೆ ಮುಂದಿನ ಪರೀಕ್ಷೆಗೆ ಕಾಯದೆ ಬ್ರೇಕರ್ ಇಳಿಸಿ, ಎಲೆಕ್ಟ್ರೀಷಿಯನ್‌ನನ್ನು ಕರೆಸಿ.

ಪ್ರಶ್ನೆ: ಸಂಪರ್ಕ ಇರುವಷ್ಟು ದಿನ ಮಲದ ಟ್ಯಾಂಕಿನ ವಾಲ್ವ್ ತೆರೆದೇ ಇಡಬಹುದೇ?

ಉತ್ತರ: ಇಡಬೇಡಿ. ದ್ರವ ಹರಿದುಹೋಗಿ ಗಟ್ಟಿ ಭಾಗ ತಳದಲ್ಲಿ ಗುಡ್ಡೆಯಾಗಿ ಒಣಗುತ್ತದೆ. ಮೂರನೇ ಎರಡು ಭಾಗ ತುಂಬಿದ ಮೇಲೆ ಒಮ್ಮೆಲೇ ತೆರೆಯಿರಿ, ಆ ರಭಸಕ್ಕೇ ತಳ ತೊಳೆಯುತ್ತದೆ. ಅದನ್ನು ಮುಚ್ಚಿ, ಬಳಿಕ ಸ್ನಾನ ಮತ್ತು ಪಾತ್ರೆಯ ನೀರಿನ ಟ್ಯಾಂಕ್ ಬಿಟ್ಟರೆ ಹೋಸ್ ಪೈಪೂ ತೊಳೆದಂತಾಗುತ್ತದೆ. ಪೈಪಿಗೆ ಮೀಟರಿಗೆ 2 ಸೆಂಟಿಮೀಟರ್ ಇಳಿಜಾರು ಇರಲಿ. ಈ ಟ್ಯಾಂಕ್ ತೊಳೆಯುವ ಹೋಸ್ ಬೇರೆ ಬಣ್ಣದ್ದಾಗಿರಲಿ; ಕುಡಿಯುವ ನೀರಿನ ಹೋಸ್ ಇಟ್ಟ ಪೆಟ್ಟಿಗೆಯಲ್ಲಿ ಅದನ್ನು ಇಡಬೇಡಿ.