ಪೊಲೀಸರ ವಿಡಿಯೋ ಮಾಡಿದರೆ ತಪ್ಪಾ?

ಈ ತಿಂಗಳು ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯದವು. ಪೊಲೀಸರು, ಮೊಬೈಲು, ವಿಡಿಯೋ. ಆಸ್ತಿ, ಪಿಂಚಣಿ ಪ್ರಶ್ನೆ ಕೇಳಿದವರು ದಯವಿಟ್ಟು ಮುಂದಿನ ಸಂಚಿಕೆವರೆಗೆ ಕಾಯಿರಿ. ಇವು ತಡ ಮಾಡುವಂಥವಲ್ಲ.

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ಕಲಬುರಗಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೇನೆ. ಹೋದ ವಾರ ಸಂಜೆ ಅಂಗಡಿ ಎದುರು ಬಾಳೆಹಣ್ಣಿನ ಬಂಡಿ ಅಜ್ಜನಿಗೆ ಒಬ್ಬ ಪೇದೆ ಬಾಯಿಗೆ ಬಂದಂತೆ ಬೈದು, ತಕ್ಕಡಿ ಕಿತ್ತು ರಸ್ತೆಗೆ ಎಸೆದರು. ತೂಕದ ಕಲ್ಲುಗಳು ಉರುಳಿ ಗಟಾರಕ್ಕೆ ಬಿದ್ದವು. ಅಜ್ಜ ಬಗ್ಗಿ ಹುಡುಕುತ್ತಿದ್ದಾಗ ಬೆನ್ನಿಗೆ ಲಾಠಿಯಿಂದ ಎರಡು ಏಟು ಕೊಟ್ಟರು. ನಾನು ನಮ್ಮ ಅಂಗಡಿ ಕಟ್ಟೆ ಮೇಲೇ ನಿಂತು ವಿಡಿಯೋ ಮಾಡಿದೆ. ಅದನ್ನು ನೋಡಿ ಬಂದು ಫೋನ್ ಕಸಿದುಕೊಂಡರು, ನನ್ನ ಬೆರಳು ಹಿಡಿದು ಒತ್ತಿಸಿ ಲಾಕ್ ತೆಗೆಸಿದರು, ವಿಡಿಯೋ ಅಳಿಸಿದರು. "ಇನ್ನೊಮ್ಮೆ ಮಾಡಿದ್ರೆ ಕರ್ತವ್ಯಕ್ಕೆ ಅಡ್ಡಿ ಅಂತ ಕೇಸ್ ಹಾಕ್ತೀನಿ" ಅಂದರು. ನಾನು ಮಾಡಿದ್ದು ತಪ್ಪಾ?

ಉತ್ತರ: ತಪ್ಪಲ್ಲ ತಮ್ಮಾ. ಒಂದಿಷ್ಟೂ ತಪ್ಪಲ್ಲ.

ಬೀದಿಯಲ್ಲಿ ಕೆಲಸದ ಮೇಲಿರುವ ಪೊಲೀಸರನ್ನು ಚಿತ್ರಿಸಬಾರದು ಅನ್ನುವ ಕಾನೂನು ನಮ್ಮ ದೇಶದಲ್ಲಿಲ್ಲ. ಚಿತ್ರಿಸಬಹುದು ಅಂತ ಬಿಡಿಸಿ ಬರೆದ ಕಲಮೂ ಇಲ್ಲ, ನಿಜ. ಆದರೆ ಸಂವಿಧಾನದ 19ನೇ ವಿಧಿ ಕೊಟ್ಟ ಮಾತಿನ ಸ್ವಾತಂತ್ರ್ಯ ನಿಮ್ಮ ಬೆನ್ನಿಗಿದೆ.

ಇನ್ನು ಆ ಕರ್ತವ್ಯಕ್ಕೆ ಅಡ್ಡಿ ಅನ್ನುವ ಮಾತು. ಎಲ್ಲರನ್ನೂ ಹೆದರಿಸುವುದು ಇದರಿಂದಲೇ. ಹಳೆಯ ಐಪಿಸಿ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 132ನೇ ಕಲಂ ಹಾಕಬೇಕಾದರೆ ನೀವು ಅವರ ಮೈಮೇಲೆ ಹೋಗಿರಬೇಕು, ಬಲ ಪ್ರಯೋಗ ಮಾಡಿರಬೇಕು. 221ನೇ ಕಲಂ ಹಾಕಬೇಕಾದರೆ ಬೇಕಂತಲೇ ಅವರ ಕೆಲಸಕ್ಕೆ ಅಡ್ಡ ನಿಂತಿರಬೇಕು. ನೀವು ನಿಂತಿದ್ದು ನಿಮ್ಮದೇ ಅಂಗಡಿ ಕಟ್ಟೆ ಮೇಲೆ. ಮತ್ತೆ ಮುದುಕನ ಬೆನ್ನಿಗೆ ಹೊಡೆಯುವುದು ಯಾರ ಕರ್ತವ್ಯ ಹೇಳಿ? ಹಾಗಂತ ಹತ್ತಿರ ಹೋಗಿ ಮುಖಕ್ಕೆ ಫೋನ್ ಹಿಡಿಯಬೇಡಿ, ಸುಮ್ನೆ ಕೂಗಾಡಬೇಡಿ. ದೂರ ಸರಿಯಿರಿ ಅಂದರೆ ಹತ್ತು ಹೆಜ್ಜೆ ಸರಿದು ಅಲ್ಲಿಂದಲೇ ಮಾಡಿ. ಆ ಹತ್ತು ಹೆಜ್ಜೆ ಮುಂದೆ ಕೋರ್ಟಿನಲ್ಲಿ ನಿಮ್ಮನ್ನು ಕಾಪಾಡುತ್ತದೆ.

ಫೋನ್ ಕಸಿದಿದ್ದು, ವಿಡಿಯೋ ಅಳಿಸಿದ್ದು ಇದಕ್ಕಿಂತ ದೊಡ್ಡ ತಪ್ಪು. ಅಪರಾಧಕ್ಕೆ ಸಂಬಂಧಪಟ್ಟ ವಸ್ತುವನ್ನು ಜಪ್ತಿ ಮಾಡುವ ಅಧಿಕಾರ ಪೊಲೀಸರಿಗಿದೆ, ಇಲ್ಲ ಅನ್ನುವುದಿಲ್ಲ. ಆದರೆ ಜಪ್ತಿಗೆ ಒಂದು ರೀತಿ ಇದೆ. ಪಟ್ಟಿ ಬರೆಯಬೇಕು, ಸಾಕ್ಷಿಗಳ ಸಹಿ ಹಾಕಿಸಬೇಕು, ಆ ಪ್ರಕ್ರಿಯೆಯನ್ನೇ ವಿಡಿಯೋ ಮಾಡಬೇಕು, ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಕಸಿದು ಅಳಿಸಿ ವಾಪಸ್ ಕೊಡುವುದು ಯಾವ ಜಪ್ತಿಯೂ ಅಲ್ಲ. ಸಾಕ್ಷಿಯಾಗಬಹುದಾದ ದಾಖಲೆ ಕೋರ್ಟಿಗೆ ಬರಬಾರದು ಅಂತ ನಾಶ ಮಾಡಿದರೆ ಅದೇ ಒಂದು ಅಪರಾಧ. ಅದೇ ನ್ಯಾಯ ಸಂಹಿತೆಯ 241ನೇ ಕಲಂ, ಮೂರು ವರ್ಷದವರೆಗೆ ಶಿಕ್ಷೆ.

ಈಗ ಮಾಡಬೇಕಾದ್ದು ಕೇಳಿ. ನೀವೇ ರಿಪೇರಿ ಮಾಡುವವರು, ನಿಮಗೆ ನಾನು ಹೇಳಬೇಕಾಗಿಲ್ಲ, ಆದರೂ ಬೇರೆ ಓದುಗರಿಗಾಗಿ ಹೇಳುತ್ತೇನೆ. ಗ್ಯಾಲರಿಯಿಂದ ಅಳಿಸಿದ್ದು ಎಷ್ಟೋ ಫೋನುಗಳಲ್ಲಿ ಟ್ರ್ಯಾಶ್ ಫೋಲ್ಡರಿನಲ್ಲಿ ಸಾಮಾನ್ಯವಾಗಿ 30 ದಿನ ಉಳಿದಿರುತ್ತದೆ. ಇವತ್ತೇ ನೋಡಿ. ಸಿಕ್ಕರೆ ಕತ್ತರಿಸಬೇಡಿ, ಹಾಡು ಸೇರಿಸಬೇಡಿ, ಆ ಫೋನನ್ನೂ ಮಾರಬೇಡಿ. ವಾಟ್ಸಾಪಿನಲ್ಲಿ ವಿಡಿಯೋ ಅಂತ ಕಳಿಸಿದರೆ ಅದು ಕುಗ್ಗಿಹೋಗುತ್ತದೆ, ಡಾಕ್ಯುಮೆಂಟ್ ಅಂತ ಕಳಿಸಿ. ಕೋರ್ಟಿಗೆ ಹೋಗುವಾಗ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಒಂದು ಪ್ರಮಾಣಪತ್ರ ಬೇಕು, ಅದನ್ನು ವಕೀಲರು ಮಾಡಿಸಿಕೊಡುತ್ತಾರೆ.

ಆಮೇಲೆ ದೂರು. ಠಾಣೆಯಲ್ಲಿ ತಗೊಳ್ಳದಿದ್ದರೆ ಲಿಖಿತವಾಗಿ ಅಂಚೆಯಲ್ಲಿ ಮೇಲಿನ ಅಧಿಕಾರಿಗೆ ಕಳಿಸಿ. ಕಲಬುರಗಿ ನಗರದಲ್ಲಿ ಪೊಲೀಸ್ ಕಮಿಷನರ್, ಬೀದರ್, ಯಾದಗಿರಿಯಲ್ಲಿ ಎಸ್‌ಪಿ. ಸ್ಪೀಡ್ ಪೋಸ್ಟ್ ರಸೀದಿ ಜೋಪಾನ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟ್ ಇದೆ. ರಾಜ್ಯದ ಪೊಲೀಸ್ ದೂರು ಪ್ರಾಧಿಕಾರ, ಮಾನವ ಹಕ್ಕುಗಳ ಆಯೋಗ ಇವೆ. ಆಯೋಗಕ್ಕೆ ಘಟನೆ ನಡೆದ ಒಂದು ವರ್ಷದೊಳಗೆ ಹೋಗಬೇಕು.

ಒಂದು ಮಾತು ಕೇಳಲೇಬೇಕು. ಆ ಅಜ್ಜನನ್ನು ಹೋಗಿ ಮಾತಾಡಿಸಿದಿರಾ? ನಿಮ್ಮ ಪತ್ರದಲ್ಲಿ ಅದಿಲ್ಲ. ಏಟು ಬಿದ್ದಿದ್ದು ಅವರಿಗೆ. ನಾಳೆ ಕೇಸ್ ಆದರೆ ಅವರೂ ಹೇಳಿಕೆ ಕೊಡಬೇಕು, ಮತ್ತೆ ಅದೇ ರಸ್ತೆಯಲ್ಲಿ, ಅದೇ ಪೇದೆಯ ಕಣ್ಣ ಮುಂದೆ ಬಂಡಿ ನಿಲ್ಲಿಸಬೇಕು. ಮೊದಲು ಅವರನ್ನು ಕೇಳಿ. ಬೆನ್ನಿನ ಬಾಸುಂಡೆ ಇನ್ನೂ ಇದ್ದರೆ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಹೊಡೆದಿದ್ದು ಯಾರು ಅನ್ನುವುದನ್ನೂ ಡಾಕ್ಟರ ಹತ್ತಿರ ಬರೆಸಿ. ಅವರ ಹತ್ತಿರ ಬೀದಿ ವ್ಯಾಪಾರಿ ಗುರುತಿನ ಚೀಟಿ, ಪ್ರಮಾಣಪತ್ರ ಇದೆಯಾ ನೋಡಿ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಅದಿದ್ದು ನಿಯಮದಂತೆ ವ್ಯಾಪಾರ ಮಾಡುವವರನ್ನು ಪೊಲೀಸರೂ ತಡೆಯುವಂತಿಲ್ಲ. ಜಾಗ ಖಾಲಿ ಮಾಡಿಸಬೇಕಾದರೂ 30 ದಿನದ ನೋಟಿಸ್ ಕೊಡಬೇಕು. ತಕ್ಕಡಿ ಎಸೆಯಿರಿ ಅಂತ ಎಲ್ಲೂ ಬರೆದಿಲ್ಲ.

ಪ್ರಶ್ನೆ: ಬೀದರಿನಲ್ಲಿ ಡಿಗ್ರಿ ಓದುತ್ತಿದ್ದೇನೆ. ಬೈಕ್ ಕಳುವಾದ ದೂರು ಕೊಡಲು ಠಾಣೆಗೆ ಹೋದರೆ ದೂರೇ ತಗೊಳ್ಳಲಿಲ್ಲ. ಮಾತು ರೆಕಾರ್ಡ್ ಮಾಡಲು ಹೋದೆ. "ಠಾಣೆ ನಿಷೇಧಿತ ಜಾಗ, ಒಳಗೆ ಹಾಕ್ತೀವಿ" ಅಂದರು. ಹೌದಾ ಮೇಡಂ?

ಉತ್ತರ: ಅವರು ಹೇಳುತ್ತಿರುವುದು 1923ರ ಅಧಿಕೃತ ರಹಸ್ಯಗಳ ಕಾಯ್ದೆ. ಬ್ರಿಟಿಷರ ಕಾಲದ್ದು, ಗೂಢಚಾರರನ್ನು ಹಿಡಿಯಲು ಮಾಡಿದ್ದು. ಅದರ ನಿಷೇಧಿತ ಸ್ಥಳದ ಪಟ್ಟಿಯಲ್ಲಿ ಪೊಲೀಸ್ ಠಾಣೆ ಬರುವುದಿಲ್ಲ ಅಂತ ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2022ರಲ್ಲಿ ಹೇಳಿದೆ. ಠಾಣೆಯಲ್ಲಿ ವಿಡಿಯೋ ಮಾಡಿದವರ ಮೇಲೆ ಹಾಕಿದ್ದ ಕೇಸನ್ನೇ ರದ್ದು ಮಾಡಿತು. ಅದು ಬೇರೆ ರಾಜ್ಯದ ಹೈಕೋರ್ಟ್, ನಮ್ಮ ಕರ್ನಾಟಕ ಹೈಕೋರ್ಟಿನ ಕಲಬುರಗಿ ಪೀಠ ಅದನ್ನೇ ಪಾಲಿಸಬೇಕೆಂದಿಲ್ಲ. ಆದರೆ ಕಾಯ್ದೆ ಇಡೀ ದೇಶಕ್ಕೆ ಒಂದೇ, ಹಾಗಾಗಿ ವಕೀಲರು ಧೈರ್ಯವಾಗಿ ಎತ್ತಿ ಹೇಳಬಹುದು. ಒಂದು ಎಚ್ಚರ: ಠಾಣೆಯಲ್ಲಿ ದೂರು ಕೊಡಲು ಬಂದ ಹೆಣ್ಣುಮಕ್ಕಳು, ಮಕ್ಕಳು ಇರುತ್ತಾರೆ. ಅವರ ಮುಖ ಬರಬಾರದು.

ನಿಜ ಹೇಳಬೇಕೆಂದರೆ ನಿಮ್ಮ ಫೋನಿಗಿಂತ ಠಾಣೆಯ ಗೋಡೆ ಮೇಲಿನ ಕ್ಯಾಮೆರಾ ಜಾಸ್ತಿ ಉಪಯೋಗಕ್ಕೆ ಬರುತ್ತದೆ. 2020ರ ಡಿಸೆಂಬರ್ 2ರಂದು ಸುಪ್ರೀಂ ಕೋರ್ಟ್ ಪ್ರತಿ ಠಾಣೆಗೂ ಸಿಸಿಟಿವಿ ಕಡ್ಡಾಯ ಮಾಡಿತು, ದೃಶ್ಯಗಳನ್ನು 18 ತಿಂಗಳು ಇಡಬೇಕು ಅಂದಿತು, ಏನೇ ಆದರೂ ಒಂದು ವರ್ಷಕ್ಕೆ ಕಡಿಮೆ ಆಗಬಾರದು. ನೀವು ಹೋದ ದಿನ, ಗಂಟೆ ಬರೆದು ಮಾಹಿತಿ ಹಕ್ಕಿನಲ್ಲಿ ಕೇಳಿ. ಹತ್ತು ರೂಪಾಯಿ ಶುಲ್ಕ, ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ದಾಟಬಾರದು. ಕೊಡುವುದಿಲ್ಲ ಅನ್ನಬಹುದು, ಆದರೂ ಅರ್ಜಿ ಬಿದ್ದ ಮೇಲೆ ಅದನ್ನು ಅಳಿಸುವುದು ಕಷ್ಟ. ತಡ ಮಾಡಬೇಡಿ. ತಮಿಳುನಾಡಿನ ಸಾತಾಂಕುಳಂನಲ್ಲಿ 2020ರ ಜೂನ್‌ನಲ್ಲಿ ಅಪ್ಪ ಮಗ ಇಬ್ಬರೂ ಪೊಲೀಸ್ ಹಿಂಸೆಗೆ ಸತ್ತರಲ್ಲ, ಆ ಠಾಣೆಯ ಕ್ಯಾಮೆರಾ ಪ್ರತಿದಿನ ತಾನಾಗಿ ಅಳಿಸಿಹೋಗುವಂತೆ ಸೆಟ್ ಮಾಡಿದ್ದರು ಅಂತ ವಿಚಾರಣೆಗೆ ಹೋದ ಮ್ಯಾಜಿಸ್ಟ್ರೇಟರು ವರದಿ ಕೊಟ್ಟರು. ಡಿಸ್ಕಿನಲ್ಲಿ ಜಾಗ ಬೇಕಾದಷ್ಟಿತ್ತು. ಅದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

ಪ್ರಶ್ನೆ: ಅಕ್ಕಾ, ನಮ್ಮದು ಯಾದಗಿರಿ ಜಿಲ್ಲೆಯ ಒಂದು ಹಳ್ಳಿ. ತಮ್ಮನನ್ನು ಹುಡುಕಿಕೊಂಡು ರಾತ್ರಿ ಹನ್ನೊಂದಕ್ಕೆ ಪೊಲೀಸರು ಬಂದು ಮನೆಯೆಲ್ಲಾ ಕೆದರಿದರು. ಎದೆ ಮೇಲೆ ಹೆಸರಿನ ಪಟ್ಟಿಯೂ ಇರಲಿಲ್ಲ. "ನೀನೇ ಠಾಣೆಗೆ ಬಾ, ಹೇಳಿಕೆ ಕೊಡು" ಅಂದರು. ಮತ್ತೆ ಬಂದರೆ ವಿಡಿಯೋ ಮಾಡಬಹುದಾ?

ಉತ್ತರ: ಮಾಡಮ್ಮಾ. ನಿನ್ನ ಮನೆ, ನಿನ್ನ ಫೋನು. ಅಷ್ಟೇ ಅಲ್ಲ, ಮನೆ ಶೋಧ ಮಾಡುವಾಗ ಅವರೇ ವಿಡಿಯೋ ಮಾಡಬೇಕು, 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ (ಬಂಧನ, ಶೋಧ ಹೇಗೆ ಮಾಡಬೇಕು ಅಂತ ಹೇಳುವ ಕಾನೂನು) 105ನೇ ಕಲಂ ಹಾಗೆ ಹೇಳುತ್ತದೆ. "ಸರ್, ನೀವು ವಿಡಿಯೋ ಮಾಡ್ತಿದ್ದೀರಲ್ವಾ?" ಅಂತ ಮೆಲ್ಲಗೆ ಕೇಳು. ಬಂಧಿಸಲು ಬಂದವರ ಎದೆ ಮೇಲೆ ಹೆಸರು ಕಾಣಲೇಬೇಕು, ಅದು 36ನೇ ಕಲಂ. ಸಾಕ್ಷಿ ಹೇಳಿಕೆಗಾಗಿ ಹೆಣ್ಣುಮಕ್ಕಳನ್ನು ಠಾಣೆಗೆ ಬಾ ಅನ್ನುವಂತಿಲ್ಲ, ಅವರೇ ಮನೆಗೆ ಬಂದು ಕೇಳಬೇಕು. ತಮ್ಮನನ್ನು ಹಿಡಿದರೆ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು, ಆ ಗಂಟೆ ಬರೆದಿಟ್ಟುಕೋ. ವಕೀಲರಿಗೆ ದುಡ್ಡಿಲ್ಲ ಅಂತ ಸುಮ್ಮನಿರಬೇಡ. 15100ಕ್ಕೆ ಫೋನ್ ಮಾಡು, ಕಾನೂನು ಸೇವಾ ಪ್ರಾಧಿಕಾರದ್ದು. ಹೆಣ್ಣುಮಕ್ಕಳಿಗೆ, ಕಸ್ಟಡಿಯಲ್ಲಿರುವವರಿಗೆ ವಕೀಲರನ್ನು ಪುಕ್ಕಟೆ ಕೊಡುತ್ತಾರೆ, ಆದಾಯ ಎಷ್ಟು ಅಂತ ಕೇಳುವುದಿಲ್ಲ.

ಪ್ರಶ್ನೆ: ಇಂಥ ವಿಡಿಯೋ ತಕ್ಷಣ ಸ್ಟೇಟಸ್‌ಗೆ ಹಾಕಬಹುದಾ? — ಓದುಗ, ಆಳಂದ

ಉತ್ತರ: ಮೊದಲು ಎರಡು ಕಡೆ ಕಾಪಿ ಇಡಿ, ಆಮೇಲೆ ದೂರು ಕೊಡಿ. ಏಟು ತಿಂದವರು ಬೇಡ ಅಂದರೆ ಹಾಕಲೇಬೇಡಿ. ಹಾಕುವುದಾದರೆ ನೋಡಿದ್ದನ್ನಷ್ಟೇ ಬರೆಯಿರಿ, "ಲಂಚ ತಿಂದ" ಅಂತ ಕೇಳಿದ್ದನ್ನು ಸೇರಿಸಬೇಡಿ, ಮಾನನಷ್ಟ ಕೇಸ್ ಆಗುವುದು ಅಲ್ಲಿಯೇ.