ವಯಸ್ಸಾದವರಿಗೆ ಇದ್ದಕ್ಕಿದ್ದಂತೆ ಗೊಂದಲ ಶುರುವಾದರೆ ಅದು ಮರೆವಿನ ಕಾಯಿಲೆಯೇ?

ಸಾಮಾನ್ಯವಾಗಿ ಅಲ್ಲ. ಅಲ್‌ಝೈಮರ್‌ನಂಥ ಮರೆವಿನ ಕಾಯಿಲೆಯಲ್ಲಿ ನರಕೋಶಗಳು ಸಾಯುತ್ತಾ ಹೋಗುತ್ತವೆ. ಅದು ವರ್ಷಗಟ್ಟಲೆ ನಿಧಾನವಾಗಿ ಬೆಳೆಯುತ್ತದೆ. ಒಂದೆರಡು ದಿನದಲ್ಲೇ ಶುರುವಾಗಿ, ಬೆಳಿಗ್ಗೆ ಸರಿಯಿದ್ದು ರಾತ್ರಿ ಹೆಚ್ಚಾಗುವ ಗೊಂದಲ ಡೆಲಿರಿಯಂ ಇರಬಹುದು. ಇದರ ಮೂಲ ಎಷ್ಟೋ ಸಲ ಮೆದುಳಿನ ಹೊರಗಿರುತ್ತದೆ: ಮೂತ್ರದ ಸೋಂಕು, ನ್ಯುಮೋನಿಯಾ, ರಕ್ತದಲ್ಲಿ ಸೋಡಿಯಂ ಅಥವಾ ಸಕ್ಕರೆ ಇಳಿಯುವುದು, ನಿದ್ದೆ ಮಾತ್ರೆ, ಮಲಬದ್ಧತೆ ಕೂಡ. ತಿಂಗಳುಗಳ ಹೆಸರನ್ನು ಡಿಸೆಂಬರ್‌ನಿಂದ ಹಿಂದಕ್ಕೆ ಹೇಳಿಸಿ ನೋಡಿ. ಡೆಲಿರಿಯಂ ಇದ್ದವರಿಗೆ ಗಮನ ನಿಲ್ಲುವುದಿಲ್ಲ, ಬೇಗನೆ ಎಳೆ ತಪ್ಪುತ್ತದೆ. ಮೂಲ ಕಾರಣಕ್ಕೆ ಚಿಕಿತ್ಸೆಯಾದರೆ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ, ಕೆಲವರಿಗೆ ವಾರಗಳೇ ಬೇಕಾಗಬಹುದು.

ಆದರೆ ಬಾಯಿ ಸೊಟ್ಟಗಾಗುವುದು, ಒಂದು ಕೈ ಸೋಲುವುದು, ಮಾತು ತೊದಲುವುದು, ಇವುಗಳಲ್ಲಿ ಒಂದು ಕಂಡರೂ ಪಾರ್ಶ್ವವಾಯು ಎಂದೇ ತಿಳಿದು ಕೂಡಲೇ ಆಸ್ಪತ್ರೆಗೆ ಓಡಿ. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ಲಕ್ಷಣ ಶುರುವಾದ 4.5 ಗಂಟೆಯೊಳಗೆ ಬೀಳಬೇಕು.